ಬಣ್ಣ ತುಂಬದ ಚಿಲುಮಿ

ಸಿಟ್ಟಿನಿಂದಲೇ ಶುರು ಮಾಡುತ್ತೇನೆ. ಹಿಮಾಯತ್‌ನಗರದ ಆ ಮನೆ ನೆನಪಾದರೆ ನನ್ನ ತಮ್ಮ ಫೋನಿನಲ್ಲಿ 'ಎಂಥಾ ಮನಿ ಇತ್ತಕ್ಕಾ ಅದು' ಎಂದು ಉಸಿರು ಬಿಡುತ್ತಾನೆ. ನನಗೆ ಹಾಗಾಗುವುದಿಲ್ಲ. ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಅಜ್ಜನ ಕೆಮ್ಮು ಕೇಳಿಸುತ್ತದೆ, ಉಳಿದದ್ದೆಲ್ಲ ಅದರ ಹಿಂದಿನಿಂದ ಬರುತ್ತದೆ. ಈಗ ನಾನಿರುವುದು ಮಣಿಕೊಂಡದಲ್ಲಿ, ಹನ್ನೊಂದನೇ ಮಹಡಿಯಲ್ಲಿ. ಪಕ್ಕದ ಬಾಲ್ಕನಿಯ ಹುಡುಗ ಆಫೀಸಿನ ಫೋನಿನಲ್ಲಿ ಮಾತಾಡುತ್ತ ಸಿಗರೇಟು ಸೇದಿ ಕೆಮ್ಮಿದರೆ ಸಾಕು, ನಾನು ಕಿಟಕಿಯನ್ನು ದಡ್ ಎಂದು ಹಾಕುತ್ತೇನೆ. ಪಾಪ, ಮುದುಕಿಗೆ ಹೊಗೆ ಆಗುವುದಿಲ್ಲ ಅಂದುಕೊಂಡಿದ್ದಾನೆ. ಹೊಗೆ ನನಗೆ ಚೆನ್ನಾಗಿ ಆಗುತ್ತದೆ. ನಾನು ಬೆಳೆದದ್ದೇ ಹೊಗೆಯಲ್ಲಿ. ಆಗದಿರುವುದು ಬೇರೆ.

ಆ ಮನೆ ಅಂಗಡಿ ಸಾಲಿನ ಹಿಂದಿನ ಗಲ್ಲಿಯಲ್ಲಿತ್ತು. ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು ಕೋಣೆ: ಪಡಸಾಲೆ, ಮಲಗುವ ಕೋಣೆ, ಅಡುಗೆಮನೆ, ಅದರಾಚೆ ಹಿತ್ತಿಲು. ಹಿತ್ತಿಲಲ್ಲಿ ಸ್ನಾನದ ನೀರು ಕಾಯಿಸುವ ತಾಮ್ರದ ಹಂಡೆ, ಅದರ ಕೆಳಗೆ ಮಣ್ಣಿನ ಒಲೆ, ನಲ್ಲಿ, ಬಟ್ಟೆ ಒಗೆಯುವ ಕಲ್ಲು. ಒಗೆಯುವ ಕಲ್ಲಿನಿಂದ ಈಚೆಗೆ ಆಯಿಯ ರಾಜ್ಯ. ಆಯಿ ಅಂದರೆ ನಮ್ಮ ಅಜ್ಜಿ, ಅಪ್ಪನ ತಾಯಿ. ಕಲ್ಲಿನಿಂದಾಚೆಗೆ ಅಜ್ಜನದು. ಅವನ ರಾಜ್ಯವೆಂದರೆ ಒಂದು ಗಿಡ್ಡ ಮಣೆ ಮತ್ತು ಕಾಂಪೌಂಡಿನ ಗೋಡೆಯಲ್ಲಿ ಅಂಗೈಯಗಲದ ಒಂದು ಗೂಡು. ಆ ಗೂಡಿನಲ್ಲಿ ಅವನ ಚಿಲುಮಿ, ಹೊಗೆಸೊಪ್ಪಿನ ಡಬ್ಬಿ, ಇಕ್ಕಳ. ಚಿಲುಮಿ ಕಲ್ಲನ್ನು ದಾಟಿ ಈಚೆಗೆ ಬರಕೂಡದು. ಸೇದಿದ ಮೇಲೆ ಅಜ್ಜ ಕೈಕಾಲು ತೊಳೆದು, ಮೂರು ಸಲ ಬಾಯಿ ಮುಕ್ಕಳಿಸದೆ ಅಡುಗೆಮನೆಯ ಹೊಸ್ತಿಲು ತುಳಿಯಕೂಡದು. ನನಗೆ ಬುದ್ಧಿ ಬಂದಾಗಿನಿಂದ ಇದೇ ಕಾಯಿದೆ. ಅಜ್ಜ ಒಮ್ಮೆ ಎರಡೇ ಸಲ ಮುಕ್ಕಳಿಸಿ ಒಳಗೆ ಬಂದಿದ್ದಕ್ಕೆ ಆಯಿ ಹಾಕಿದ್ದ ತಾಟನ್ನು ಎತ್ತಿಕೊಂಡು ಹೋದದ್ದು ನಾನೇ ನೋಡಿದ್ದೇನೆ. ಬಿಸಿ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ, ಎಲ್ಲ ವಾಪಸ್ ಹೋದವು. ಅಜ್ಜ ಎದ್ದು ನಲ್ಲಿಗೆ ಹೋದ.

ಅಜ್ಜ ಸರ್ವೆ ಇಲಾಖೆಯಲ್ಲಿದ್ದವನು. ನೌಕರಿಯ ಅರ್ಧ ಭಾಗ ಡೇರೆಯಲ್ಲಿ ಕಳೆದಿದ್ದ. ಸರಪಳಿ ಎಳೆಯುವ ಆಳುಗಳ ಜೊತೆ ಕೂತು ಚಿಲುಮಿ ಕಲಿತ. ಸಾಹೇಬರೆಲ್ಲ ಸಿಗರೇಟು ಸೇದುವಾಗ ಇವನೊಬ್ಬ ಮಣ್ಣಿನ ಚಿಲುಮಿ ಹಿಡಿದು ಕೂರುತ್ತಿದ್ದನಂತೆ. ಸೇಡಂ ಕಡೆಯ ಕುಂಬಾರನೊಬ್ಬ ಮಾಡಿಕೊಟ್ಟದ್ದು, ಒಂದು ಗೇಣು ಉದ್ದ, ಬಾಯಿಗೆ ಹಿಡಿಯುವ ಕಡೆ ಸಣ್ಣ, ಕೆಂಡ ಇಡುವ ಕಡೆ ಅಗಲ. ಹೊಸ ಚಿಲುಮಿ ಹೂಕುಂಡದ ಹಾಗೆ ತಿಳಿಗೆಂಪಗಿರುತ್ತದೆ. ಸೇದುತ್ತ ಸೇದುತ್ತ ಹೊಗೆಸೊಪ್ಪಿನ ಎಣ್ಣೆ ಒಳಗಿನಿಂದ ಮಣ್ಣಿಗಿಳಿದು, ಅಂಗೈಯ ಜಿಡ್ಡು ಹೊರಗಿನಿಂದ ಕೂತು, ಕೆಳಗಿನಿಂದ ಮೇಲಕ್ಕೆ ಬಣ್ಣ ಏರುತ್ತದೆ. ಮೊದಲು ಚಹಾದ ಬಣ್ಣ, ಆಮೇಲೆ ಬೆಲ್ಲದ್ದು, ಕೊನೆಗೆ ಸುಟ್ಟ ಬೆಲ್ಲದ್ದು. ಮುಟ್ಟಿದರೆ ಮಣ್ಣು ಅನ್ನಿಸುವುದಿಲ್ಲ, ಎಣ್ಣೆ ಹಚ್ಚಿದ ತೊಗಲು ಅನ್ನಿಸುತ್ತದೆ. ಮೇಲೆ ಹೋದಂತೆ ಬಣ್ಣ ಏರುವುದು ನಿಧಾನ. ಅದು ಅಂಚಿನ ತನಕ ಮುಟ್ಟಬೇಕೆಂದರೆ ದಿನವೂ ಸೇದಬೇಕು, ದಿನವೂ ಒಳಗೆ ಸ್ವಚ್ಛ ಮಾಡಬೇಕು. ಜಿಗಟು ಕಟ್ಟಿಕೊಂಡರೆ ಎಣ್ಣೆ ಮಣ್ಣಿಗೆ ಇಳಿಯುವುದಿಲ್ಲ.

ಸ್ವಚ್ಛ ಮಾಡುವ ಕೆಲಸ ನನಗೆ ಬಂದದ್ದು ಅಜ್ಜನ ಬಲಗೈಗೆ ನಡುಕ ಶುರುವಾದ ಮೇಲೆ. ಆಗ ನನಗೆ ಏಳು ವರ್ಷ ಇರಬೇಕು. ಚಿಲುಮಿ ತಣ್ಣಗಾದ ಮೇಲೆ ಬೋರಲು ಹಾಕಿ ಬೂದಿ ಉದುರಿಸುವುದು. ಒಳಗೆ ಕೂತಿರುವ ಸಣ್ಣ ಹರಳು, ಹೊಗೆಸೊಪ್ಪು ಬಾಯಿಗೆ ಬರದಂತೆ ತಡೆಯುವ ಕಲ್ಲು, ಅದನ್ನು ತೆಗೆದು ಒರೆಸಿಡುವುದು. ಆಮೇಲೆ ಹಳೇ ಧೋತರದ ಉದ್ದನೆಯ ಪಟ್ಟಿಯನ್ನು ಚಿಲುಮಿಯೊಳಗೆ ತೂರಿಸಿ, ಒಂದು ತುದಿ ಅಜ್ಜನ ಕೈಯಲ್ಲಿ, ಇನ್ನೊಂದು ತುದಿ ನನ್ನ ಎಡಗೈಯಲ್ಲಿ, ಬಟ್ಟೆ ಬಿಗಿಯಾಗಿ ನಿಂತ ಮೇಲೆ ಚಿಲುಮಿಯನ್ನು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಆಡಿಸುವುದು. ಬಿಗಿ ಹೆಚ್ಚಾದರೆ ಪಟ್ಟಿ ಹರಿಯುತ್ತದೆ, ಕಡಿಮೆಯಾದರೆ ಜಿಗಟು ಬರುವುದಿಲ್ಲ. ಅದನ್ನು ಕಲಿಯಲು ನನಗೆ ಒಂದು ಬೇಸಿಗೆ ಹಿಡಿಯಿತು. ಅಜ್ಜ ಮೊದಲ ದಿನವೇ ನಿಯಮ ಹೇಳಿದ್ದ.

"ನೀರು ಮುಟ್ಟಿಸಬ್ಯಾಡ. ಹುಣಸಿಹಣ್ಣು ಹಚ್ಚಬ್ಯಾಡ. ಬೂದಿ ಹಾಕಿ ತಿಕ್ಕಬ್ಯಾಡ. ಅದೇನು ನಿಮ್ಮಾಯಿ ಹಿತ್ತಾಳಿ ತಂಬಗಿ ಅಲ್ಲ, ತಿಳೀತಿಲ್ಲೋ ತಂಗಿ?"

ತಿಳಿಯಿತು ಅಂದೆ. ಅವನು ಹೇಳಿದ್ದು ಅಷ್ಟೇ ಎಂಬುದನ್ನು ಈಗ ಓದುತ್ತಿರುವವರು ನೆನಪಿನಲ್ಲಿಡಬೇಕು. ನಾನು ಇಡಲಿಲ್ಲ.

ನನಗೆ ಎಂಟಾಗುವ ಹೊತ್ತಿಗೆ ಅಜ್ಜನ ಕೆಮ್ಮು ಜೋರಾಯಿತು. ಮುಂಜಾನೆ ಹಿತ್ತಿಲಿನಿಂದ ಶುರುವಾಗಿ ಪಡಸಾಲೆಯ ತನಕ ಬರುತ್ತಿತ್ತು. ಅಪ್ಪ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯೊಂದರಲ್ಲಿದ್ದ. ಕತ್ತಲಿರುವಾಗಲೇ ಬಸ್ಸು ಹಿಡಿದು ಹೋಗಿ, ಅಂಗಿಯಲ್ಲಿ ಎಂಥದೋ ಘಾಟು ಹೊತ್ತು ಬರುತ್ತಿದ್ದ. ಡಾಕ್ಟರು ಅಜ್ಜನ ಎದೆಯ ಫೋಟೋ ನೋಡಿ ತಂಬಾಕು ಬಿಡದಿದ್ದರೆ ಕಷ್ಟ ಎಂದ ದಿನ, ರಾತ್ರಿ ಊಟಕ್ಕೆ ಕೂತಾಗ ಅಪ್ಪ ಶುರು ಮಾಡಿದ.

"ಇನ್ನ ಸಾಕು ಮಾಡಪಾ. ಡಾಕ್ಟರ್ ಏನಂದ್ರು ಕೇಳಿದಿಲ್ಲೋ?"

"ನಿನ್ನ ಕಾರ್ಖಾನಿ ಹೊಗಿ ಮುಂದ ನನ್ನ ಹೊಗಿ ಯಾವ ಲೆಕ್ಕದ್ದಪಾ? ನಿನ್ನ ಅಂಗಿ ಮೂಸಿ ನೋಡ್ಕೋ ಮೊದಲ."

"ಅದು ಹೊಟ್ಟಿಪಾಡು. ಇದು ಚಟ."

ಅಪ್ಪ ಊಟ ಬಿಟ್ಟು ಎದ್ದ. ಅವ್ವ ನೀರಿನ ತಂಬಿಗೆ ಹಿಡಿದು ನಡುವೆ ನಿಂತಿದ್ದಳು. ನನಗೆ ಅಳು ಬಂತು. ನಾನು ಅತ್ತದ್ದು ಅಪ್ಪ ಎದ್ದು ಹೋದದ್ದಕ್ಕೆ ಅಲ್ಲ, ಡಾಕ್ಟರು ಅಂದದ್ದಕ್ಕೆ. ಅಜ್ಜ ಸತ್ತುಹೋಗುತ್ತಾನೆಂದು ನನಗೆ ಆ ದಿನವೇ ಮೊದಲ ಸಲ ಹೊಳೆದದ್ದು. ಅಜ್ಜ ನನ್ನನ್ನು ನೋಡಿದ, ರೊಟ್ಟಿಯ ಕೈಯನ್ನು ತಾಟಿನ ಮೇಲೆ ಹಿಡಿದು ಹೇಳಿದ:

"ಅಳಬ್ಯಾಡ. ನಿನಗ ಮಾತು ಕೊಡತೀನಿ. ಚಿಲಮಿ ಬಣ್ಣ ಅಂಚಿನ ತನಕಾ ತುಂಬಲಿ, ಅವತ್ತ ಬಿಡತೀನಿ. ಇಷ್ಟು ವರ್ಷ ಸೇದೀನಿ, ಅದೊಂದು ಪೂರ್ತಿ ಆಗೂದು ನೋಡಬೇಕು. ಆಮ್ಯಾಲೆ ಮುಟ್ಟಿದ್ರ ಕೇಳು."

ಒಳಗೆ ಆಯಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಸುಡುವ ಹಂಚಿನ ಮೇಲಿನ ರೊಟ್ಟಿ ತಿರುವಲು ನಿಲ್ಲಿಸಿರಬೇಕು ಅಂದುಕೊಂಡೆ.

ಅಲ್ಲಿಂದ ನನ್ನ ಹುಚ್ಚು ಶುರುವಾಯಿತು. ಅಂಚಿಗೆ ಇನ್ನೂ ಐದು ಬೆರಳು ಬಾಕಿ ಇತ್ತು. ದಿನವೂ ಶಾಲೆಯಿಂದ ಬಂದವಳೇ ಗೂಡಿನ ಮುಂದೆ ನಿಂತು ಬೆರಳಿಟ್ಟು ಅಳೆಯುತ್ತಿದ್ದೆ. ಧೋತರದ ಪಟ್ಟಿ ಹಾಕಿ ದಿನಕ್ಕೆರಡು ಸಲ ತಿಕ್ಕುತ್ತಿದ್ದೆ. ಮೂಗಿನ ಪಕ್ಕದ ಜಿಡ್ಡಿಗೆ ಹೊಳಪು ಬರುತ್ತದೆಂದು ಅಜ್ಜ ಒಮ್ಮೆ ಅಂದಿದ್ದ. ನನ್ನ ಮೂಗಿಗೂ, ತೊಟ್ಟಿಲಿನಲ್ಲಿದ್ದ ತಮ್ಮನ ಮೂಗಿಗೂ ಚಿಲುಮಿ ಉಜ್ಜಿ ಉಜ್ಜಿ ಜಿಡ್ಡು ಕೂರಿಸಿದೆ. ಅವ್ವ ಅದನ್ನು ನೋಡಿ ನನ್ನ ಬೆನ್ನಿಗೆ ಎರಡು ಬಿಟ್ಟಳು. ಅದಕ್ಕಿಂತ ಹೆಚ್ಚು ಬಿದ್ದದ್ದು ಬೇರೆ ದಿನ. ಆ ದಿನ ಅಜ್ಜ ಮಧ್ಯಾಹ್ನ ಒಂದು ಸಲ ಸೇದಿ ಚಿಲುಮಿ ಕೆಳಗಿಟ್ಟಿದ್ದ. ನಾನೇ ಹಂಡೆ ಒಲೆಯಿಂದ ಇಕ್ಕಳದಲ್ಲಿ ಕೆಂಡ ತಂದು ಮುಂದೆ ಹಿಡಿದೆ.

"ಅಜ್ಜ, ಇನ್ನೊಂದು ಸೇದು."

"ಸಾಕು ತಂಗಿ, ಎದಿ ನೋಯತೈತಿ."

"ಇನ್ನೊಂದೇ ಒಂದು. ಲಗೂನ ಬಣ್ಣ ತುಂಬತೈತಿ."

ಅಜ್ಜ ನಕ್ಕು, ಕೆಮ್ಮಿ, ಸೇದಿದ. ಅವ್ವ ಬಟ್ಟೆ ಒಣಹಾಕಲು ಬಂದವಳು ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಆ ದಿನದ ಏಟಿಗೆ ನನಗೆ ಕಾರಣವೇ ಅರ್ಥವಾಗಲಿಲ್ಲ. ಎಲ್ಲರೂ ಬಿಡು ಬಿಡು ಎಂದು ಅರಚುತ್ತಿದ್ದರು. ಅವನು ಬಿಡುವ ದಿನವನ್ನು ಹತ್ತಿರ ತರುತ್ತಿದ್ದವಳು ನಾನೊಬ್ಬಳೇ, ಏಟು ಬೀಳುವುದೂ ನನಗೇ. ಈ ಮನೆಯಲ್ಲಿ ನ್ಯಾಯವಿಲ್ಲ ಎಂದು ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ.

ನನಗೆ ಹನ್ನೊಂದು ತುಂಬಿದಾಗ ಅಂಚಿಗೆ ಒಂದೂವರೆ ಬೆರಳು ಉಳಿದಿತ್ತು. ಅದೇ ಹೊತ್ತಿಗೆ ಸೇಡಂನಲ್ಲಿ ಅಜ್ಜನ ದಾಯಾದಿಯೊಬ್ಬರು ತೀರಿಕೊಂಡರು. ಅವರನ್ನು ನಾನು ಕಂಡೇ ಇರಲಿಲ್ಲ, ಆದರೆ ಸೂತಕ ನಮಗೂ ಬಂತು. ಅಜ್ಜ ಕರ್ಮಕ್ಕೆ ಸೇಡಂಗೆ ಹೋದ. ಬಸ್ಸಿನ ಕುಲುಕಾಟಕ್ಕೆ ಒಡೆದೀತೆಂದು ಚಿಲುಮಿಯನ್ನು ಗೂಡಿನಲ್ಲೇ ಬಿಟ್ಟು, "ನೋಡ್ಕೋ" ಎಂದು ನನಗೆ ಹೇಳಿಹೋದ. ಸೂತಕ ಕಳೆಯುವ ದಿನ ಮುಂಜಾನೆಯೇ ಆಯಿ ಸೀರೆ ಎತ್ತಿಕಟ್ಟಿ ನಿಂತಳು. ಮನೆಯಲ್ಲಿದ್ದ ತಾಮ್ರ ಹಿತ್ತಾಳೆಗೆಲ್ಲ ಹುಣಸೆಹಣ್ಣು, ಹಾಸಿಗೆ ಬಟ್ಟೆಗೆಲ್ಲ ನೀರು. ಮಣ್ಣಿನದು ಮಾತ್ರ ತೊಳೆದರೆ ಶುದ್ಧವಾಗುವುದಿಲ್ಲ, ಅದನ್ನು ಒಡೆದು ಹೊರಗೆ ಹಾಕಬೇಕು.

"ಮಣ್ಣಿಂದೇನೇನ ಐತಿ ಎಲ್ಲಾ ಹೊರಗ ಹಾಕ್ರಿ. ಒಂದೂ ಉಳೀಬಾರದು."

ಕುಡಿಯುವ ನೀರಿನ ಗಡಿಗೆ ಹೋಯಿತು. ಮೊಸರಿನ ಗಡಿಗೆ ಹೋಯಿತು. ಉಪ್ಪಿನಕಾಯಿ ಭರಣಿ ಹೋಗಬೇಕೋ ಬೇಡವೋ ಎಂದು ಅವ್ವ ಕೇಳಿದಳು. ಅದು ಪಿಂಗಾಣಿ, ಮಣ್ಣಲ್ಲ ಎಂದು ಆಯಿ ತೀರ್ಪು ಕೊಟ್ಟಳು. ಆ ವರ್ಷದ ಮಾವಿನಕಾಯಿ ಭಾಳ ಚೆನ್ನಾಗಿ ಕೂತಿತ್ತು. ನಾನು ಹಿತ್ತಿಲಲ್ಲಿ ಚಿಲುಮಿಯ ಗೂಡಿಗೆ ಬೆನ್ನು ಕೊಟ್ಟು ನಿಂತಿದ್ದೆ. ಬಚ್ಚಿಡಬಹುದಿತ್ತು. ಆದರೆ ಕೊನೆಗೆ ಆಯಿ ದೇವರ ಮುಂದೆ ನಿಲ್ಲಿಸಿ 'ಎಲ್ಲಾ ಹಾಕೀರೇನು' ಎಂದು ಕೇಳುತ್ತಾಳೆ, ಅಲ್ಲಿ ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. ಅಷ್ಟರಲ್ಲಿ ಪುಣ್ಯಾಹಕ್ಕೆ ಬಂದ ಆಚಾರ್ರು ಕಬ್ಬಿಣದ ಹಂಚನ್ನು ಒಲೆಗೆ ಹಾಕಲು ಅವ್ವನಿಗೆ ಹೇಳುತ್ತಿದ್ದರು.

"ಬೆಂಕ್ಯಾಗ ಹೋಗಿ ಬಂದದ್ದಕ್ಕ ಮೈಲಿಗಿ ಇಲ್ಲಮ್ಮ. ಬೆಂಕಿಗಿಂತ ದೊಡ್ಡ ಶುದ್ಧಿ ಯಾವುದೈತಿ?"

ದೇವರೇ ಅವರ ಬಾಯಿಂದ ಹೇಳಿಸಿದ ಎನ್ನಿಸಿತು. ಮನೆಮಂದಿಯೆಲ್ಲ ತಲೆಗೆ ನೀರು ಹಾಕಿಕೊಳ್ಳಬೇಕಾದ್ದರಿಂದ ಹಂಡೆ ಒಲೆ ಬೆಳಗಿನಿಂದ ಧಗಧಗ ಉರಿಯುತ್ತಿತ್ತು. ಚಿಲುಮಿಯನ್ನು ಇಕ್ಕಳದಿಂದ ಹಿಡಿದು ಕೆಂಡದ ನಡುವೆ ಮಲಗಿಸಿದೆ. ಮೇಲೂ ಕೆಂಡ ಮುಚ್ಚಿದೆ. ಶುದ್ಧಿಯಲ್ಲಿ ಕೊರತೆ ಆಗಬಾರದೆಂದು ಎಲ್ಲರ ಸ್ನಾನ ಮುಗಿಯುವ ತನಕ ಬಿಟ್ಟೆ. ಒಡೆಯಬಾರದೆಂದು ಅಲ್ಲೇ ಆರಲು ಬಿಟ್ಟು, ಮಧ್ಯಾಹ್ನದ ಮೇಲೆ ಬೂದಿ ಸರಿಸಿದೆ.

ಒಡೆದಿರಲಿಲ್ಲ. ತಿಳಿಗೆಂಪಗೆ, ಹೊಸ ಹೂಕುಂಡದ ಹಾಗೆ, ನಿನ್ನೆ ಕುಂಬಾರನ ಮನೆಯಿಂದ ಬಂದದ್ದರ ಹಾಗೆ ಇತ್ತು. ತಿರುಗಿಸಿ ನೋಡಿದೆ. ಅಂಗಿಯಿಂದ ಒರೆಸಿದೆ, ಬೂದಿ ಮೆತ್ತಿದೆಯೇನೋ ಎಂದು. ಬೂದಿಯಲ್ಲ. ಬಣ್ಣ ಎಲ್ಲೂ ಇರಲಿಲ್ಲ, ಕಾಳಿನಷ್ಟೂ ಇರಲಿಲ್ಲ. ನಾನು ಕಿರುಚಿದ್ದಕ್ಕೆ ಆಯಿ ಓಡಿಬಂದಳು. ಬಿಕ್ಕುತ್ತ ಎಲ್ಲ ಹೇಳಿದೆ. ಆಯಿ ಒಗೆಯುವ ಕಲ್ಲಿನ ಈಚೆ ನಿಂತು ಹಣೆ ಹಣೆ ಬಡಿದುಕೊಂಡಳು.

"ಅಯ್ಯ ಹುಚ್ಚಿ! ಚಿಲಮಿ ಒಡೀರಿ ಅಂತ ಯಾರಂದ್ರು? ಅದು ಎಂದಾದ್ರೂ ಮನಿಯೊಳಗ ಬಂದೈತೇನು? ಕಲ್ಲಿನ ಆಚಿದ್ದದ್ದಕ್ಕ ಎಲ್ಲೀ ಸೂತಕ? ನಾ ಅಂದದ್ದು ಮನಿ ಸಾಮಾನಿನ ಮಾತು!"

ಅವಳ ಮಡಿಯೇ ಅದನ್ನು ಕಾಪಾಡುತ್ತಿತ್ತು. ನಾನು ಸುಮ್ಮನಿದ್ದಿದ್ದರೆ ಸಾಕಿತ್ತು. ಇಷ್ಟು ವರ್ಷದ ಮೇಲೂ ಆಯಿಯ ಆ ಮಾತು ನೆನಪಾದರೆ ಕೈಯಲ್ಲಿದ್ದುದನ್ನು ಬಿಸಾಡುವ ಹಾಗಾಗುತ್ತದೆ.

ಸಂಜೆ ಅಜ್ಜ ಬಂದ. ತಲೆ ಬೋಳಿಸಿಕೊಂಡು ಇನ್ನೂ ಸಣ್ಣಗೆ ಕಾಣುತ್ತಿದ್ದ. ನಾನು ಚಿಲುಮಿಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ನಿಂತೆ. ಬಯ್ಯಲಿ, ಹೊಡೆಯಲಿ ಎಂದು ಕಾದೆ. ಅಜ್ಜ ಚಿಲುಮಿಯನ್ನು ಬೆಳಕಿಗೆ ಹಿಡಿದು ಒಳಗೆ ಕಣ್ಣಿಟ್ಟು ನೋಡಿದ. ಅವನ ಮುಖದಲ್ಲಿ ಬಂದದ್ದು ನಗು.

"ಮೊದಲಿನಿಂದ ಶುರು ಮಾಡಬೇಕಾತಲ್ಲ" ಅಂದ, ಡಬ್ಬಿಯಿಂದ ಹೊಗೆಸೊಪ್ಪು ತೆಗೆದು ಅಂಗೈಯಲ್ಲಿ ತಿಕ್ಕತೊಡಗಿದ.

"ಅಜ್ಜ, ಬರೇ ಒಂದೂವರಿ ಬೆರಳು ಇತ್ತು. ಆತು ಅಂತ ತಿಳಕೊಂಡು ಬಿಟ್ಟುಬಿಡು."

"ಹಂಗ ಹ್ಯಾಂಗ ಆಗತೈತಿ ತಂಗಿ? ಮಾತು ಅಂದ್ರ ಮಾತು."

ಆ 'ಮಾತು ಅಂದ್ರ ಮಾತು' ಮನೆಯನ್ನು ಇನ್ನೂ ಒಂಬತ್ತು ವರ್ಷ ಕಾಡಿತು. ಅಪ್ಪ ಬಯ್ದ, ಅಂಗಲಾಚಿದ, ಕೊನೆಗೆ ಆ ವಿಷಯ ಎತ್ತುವುದನ್ನೇ ಬಿಟ್ಟ. ಪ್ರತಿ ಸಲ ಅಜ್ಜನ ಉತ್ತರ ಒಂದೇ: ಕೂಸಿಗೆ ಮಾತು ಕೊಟ್ಟೀನಿ, ಬಣ್ಣ ತುಂಬಲಿ. ನಾನು ಸ್ವಚ್ಛ ಮಾಡುವುದನ್ನು ಬಿಡಲಿಲ್ಲ, ಬಿಡುವ ಹಕ್ಕು ನನಗಿರಲಿಲ್ಲ. ದಿನವೂ ಅವನ ಎದುರು ಕೂತು ಪಟ್ಟಿಯ ತುದಿ ಹಿಡಿದೆ. ಅವನು ಸರ್ವೆಯ ಕತೆ ಹೇಳುತ್ತಿದ್ದ, ನಾನು ಅರ್ಧ ಕೇಳುತ್ತ ಬಣ್ಣ ನೋಡುತ್ತಿದ್ದೆ. ಕೆಮ್ಮಿದಾಗಲೆಲ್ಲ ಇದು ನನ್ನ ಪಾಪ ಎಂದುಕೊಂಡೆ. ಗೆಳತಿಯರು ಸಿನಿಮಾಕ್ಕೆ ಕರೆದರೆ ಹೋಗುತ್ತಿರಲಿಲ್ಲ. ಹೋದ ಒಂದೆರಡು ಸಲವೂ ಮಧ್ಯದಲ್ಲಿ ಎದ್ದು ಬಂದೆ. ಇಂದಿಗೂ ಯಾರಾದರೂ 'ಸ್ವಲ್ಪ ನೋಡಿಕೋ' ಎಂದು ಏನನ್ನಾದರೂ ಕೈಗಿತ್ತರೆ ನನಗೆ ರೇಗುತ್ತದೆ. ಮಕ್ಕಳು ನನ್ನನ್ನು ಸಿಡುಕಿ ಅನ್ನುತ್ತಾರೆ. ಅನ್ನಲಿ. ಸಿಡುಕು ಎಲ್ಲಿಂದ ಬಂತೆಂದು ಅವರಿಗೇನು ಗೊತ್ತು?

ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ ಅಜ್ಜ ಹೋದ. ಬಣ್ಣ ಅಂಚಿಗೆ ಮೂರು ಬೆರಳು ಕೆಳಗಿತ್ತು. ಸೂತಕ ಕಳೆಯುವ ದಿನ ಮತ್ತೆ ಗಡಿಗೆಗಳು ಹೊರಗೆ ಹೋದವು. ಗೂಡಿನಲ್ಲಿ ಚಿಲುಮಿ ಹಾಗೇ ಇತ್ತು. ಯಾರೂ ಅದರ ಮಾತೆತ್ತಲಿಲ್ಲ. ಬಂದ ನೆಂಟರೆಲ್ಲ ಊರಿಗೆ ಹೋದ ಮೇಲೆ ಒಂದು ಮಧ್ಯಾಹ್ನ ಹಿತ್ತಿಲಿಗೆ ಹೋದರೆ, ಆಯಿ ಒಗೆಯುವ ಕಲ್ಲನ್ನು ದಾಟಿ ಅಜ್ಜನ ಮಣೆಯ ಮೇಲೆ ಕೂತಿದ್ದಳು. ನಾನು ಅವಳನ್ನು ಆ ಕಡೆ ಕಂಡದ್ದು ಅದೇ ಮೊದಲು. ಚಿಲುಮಿ ಅವಳ ಕೈಯಲ್ಲಿತ್ತು. ನನ್ನ ಒಳಗಿದ್ದದ್ದೆಲ್ಲ ಒಮ್ಮೆಲೇ ಕಿತ್ತುಕೊಂಡು ಬಂತು.

"ನಾ ಸುಡಲಿಲ್ಲ ಅಂದಿದ್ರ ಅವತ್ತೇ ಬಿಡತಿದ್ದ ಆಯಿ. ಇನ್ನೂ ಇರತಿದ್ದ. ನಾನೇ ಕೊಂದೆ."

ಆಯಿ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು.

"ನೀ ತೊಟ್ಟಿಲದಾಗಿದ್ದಿ. ಆಗ ಇದು ಅಂಚಿನ ತನಕಾ ತುಂಬಿತ್ತು, ಪೂರ್ತಿ. ನನಗೂ ಇದೇ ಮಾತು ಕೊಟ್ಟಿದ್ರು. ಬಣ್ಣ ತುಂಬಿದ ದಿನ ಬಿಡತೀನಿ ಅಂತ."

"ಮತ್ತ?"

"ಮರುದಿನ ಎದ್ದು ಬಂದು ನೋಡಿದ್ರ ಹಂಡೆ ಒಲಿಯಾಗ ಐತಿ. ಅವರೇ ಹಾಕಿದ್ರು. ಮೊದಲಿನಿಂದ ಶುರು ಮಾಡಬೇಕಾತಲ್ಲ ಅಂತ ನಕ್ಕರು. ಅವತ್ತೇ ನಾ ಇದನ್ನ ಕಲ್ಲಿನ ಆಚಿಗಿ ಇಟ್ಟೆ."

ನೀರು, ಹುಣಸೆಹಣ್ಣು, ಬೂದಿ. ಬೆಂಕಿಯ ಮಾತನ್ನು ಅವನು ಯಾಕೆ ಆಡಲಿಲ್ಲವೆಂದು ನನಗೆ ಆಗ ತಿಳಿಯಿತು. ಅದನ್ನು ತನಗೆಂದು ಇಟ್ಟುಕೊಂಡಿದ್ದ. ನಾನು ಸುಟ್ಟಿರದಿದ್ದರೆ ತಾನೇ ಸುಡುತ್ತಿದ್ದ. ಒಂಬತ್ತು ವರ್ಷ ನಾನು ಸುಮ್ಮಸುಮ್ಮನೆ ಬೆಂದೆ, ಅವನು ನನ್ನ ಕಣ್ಣೆದುರು ಕೂತು ನೋಡುತ್ತಿದ್ದ. ಸತ್ತವನ ಮೇಲೆ ಅಷ್ಟು ಸಿಟ್ಟು ಬರಬಹುದೆಂದು ನನಗೆ ಗೊತ್ತಿರಲಿಲ್ಲ. ಆಯಿಯ ಮೇಲೆ ಹರಿಹಾಯ್ದೆ.

"ನಿನಗ ಗೊತ್ತಿತ್ತು! ಒಂದು ಮಾತು ನನಗ ಹೇಳಬಾರದಿತ್ತೇನು?"

"ಹೇಳಿದ್ರ ನೀ ಅವರ ಬಾಜೂಕ ಕೂಡೂದು ಬಿಡತಿದ್ದಿ" ಅಂದಳು ಆಯಿ. "ನಾ ಬಿಟ್ಟಿದ್ದೆ. ಅವರಿಗಿ ಮತ್ತ ಯಾರಿದ್ರು?"

ಚಿಲುಮಿಯನ್ನು ಅವಳ ಕೈಯಿಂದ ಕಿತ್ತುಕೊಂಡೆ. ಬಿಸಾಡಲೆಂದೇ ಕಿತ್ತುಕೊಂಡದ್ದು, ಆದರೆ ಕೈ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿತು. ಬೋರಲು ಹಾಕಿ ಕೊನೆಯ ಬೂದಿ ಉದುರಿಸಿದೆ, ಹರಳು ತೆಗೆದು ಒರೆಸಿದೆ, ಗೂಡಿನಲ್ಲಿದ್ದ ಧೋತರದ ಪಟ್ಟಿಯನ್ನು ತೂರಿಸಿದೆ. ಎದುರಿನ ತುದಿ ಹಿಡಿಯುವ ಕೈ ಇಲ್ಲದೆ ಅದು ಜೋತು ಬಿತ್ತು. ಆಯಿ ಬಗ್ಗಿ ಆ ತುದಿ ಎತ್ತಿಕೊಂಡು ಎಳೆದು ಹಿಡಿದಳು. ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ, ನನಗೆ ಕಲಿಯಲು ಒಂದು ಬೇಸಿಗೆ ಹಿಡಿದ ಅದೇ ಬಿಗಿಯಲ್ಲಿ.